ಸೈಕಲ್ ಕೊಡಿಸಿದ್ದು ಜೀವನಾಂಶಕ್ಕೆ ಜಮಾ ಆಗೋದಿಲ್ಲ

ಕಿತ್ತಾಡಿಕೊಂಡು ಬೇರೆಯಾದ ಗಂಡ-ಹೆಂಡತಿಯರಿಗಿಂತ ನಗುನಗುತ್ತಾ ಬೇರೆಯಾದವರೇ ಆಮೇಲೆ ವಕೀಲೆಯಾದ ನನ್ನ ತಲೆ ಜಾಸ್ತಿ ತಿನ್ನುತ್ತಾರೆ. ಕಿತ್ತಾಡಿದವರು ರೂಪಾಯಿ ರೂಪಾಯಿಗೂ ರಸೀದಿ ಇಟ್ಟಿರುತ್ತಾರೆ. ಇವರು ಮಾತ್ರ "ನಮ್ಮಿಬ್ಬರ ಮಧ್ಯೆ ಅಂಥದ್ದೇನಿಲ್ಲ ಬಿಡಿ ಮೇಡಂ" ಅನ್ನುತ್ತಾರೆ.

ಮೊನ್ನೆ ಬಂದವರೂ ಹಾಗೇ. ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಅಡಿ ಪರಸ್ಪರ ಒಪ್ಪಿಗೆಯ ವಿಚ್ಛೇದನದ ಡಿಕ್ರಿ, ಅಂದರೆ ಕೋರ್ಟಿನ ಆದೇಶ, ಮಗಳ ಖರ್ಚಿಗೆ ತಿಂಗಳಿಗೆ 15,000. ಕೈಯಲ್ಲಿ ಬಟ್ಟೆ ಅಂಗಡಿಯ ಕವರ್, ಅದರ ತುಂಬಾ ಬಿಲ್ಲು. ಸೈಕಲ್, ಯುಗಾದಿಗೆ ಲಂಗ, ಅರ್ಧ ಅಕ್ಷರ ಮಾಸಿಹೋದ ಪಿಜ್ಜಾ ಬಿಲ್. "ಇದನ್ನೆಲ್ಲ ಕಳೆದು ಕಟ್ಟಿದ್ದೀನಿ, ಆದ್ರೂ ಬಾಕಿ ಅಂತ ಅರ್ಜಿ ಹಾಕಿದ್ದಾಳೆ."

ನೋಡಿ ಸಾರ್, ಆ 15,000 ಅಕ್ಕಿ, ಹಾಲು, ಸ್ಕೂಲ್ ವ್ಯಾನಿಗೆ. ತಾಯಿ ಪಿಜ್ಜಾ ಬಿಲ್ ತೋರಿಸಿ ಮನೆ ಬಾಡಿಗೆ ಕಟ್ಟೋಕಾಗುತ್ತಾ? ಸೈಕಲ್ ಅಪ್ಪನ ಪ್ರೀತಿ, ಕೊಡಿಸಿ, ಯಾರು ಬೇಡ ಅಂದರು? ಆದರೆ ಡಿಕ್ರಿಯ ಮೊತ್ತದಲ್ಲಿ ಅದನ್ನು ಕಳೆಯಬೇಡಿ. ಸ್ಕೂಲ್ ಫೀಸನ್ನು ನೇರವಾಗಿ ಕಟ್ಟಿ ಇದರಲ್ಲಿ ಹಿಡಿದುಕೊಳ್ಳುವುದಿದ್ದರೆ ಒಪ್ಪಂದದಲ್ಲೇ ಬರೆಸಿ. ಬರೆಸದೆ ಕಟ್ಟಿದರೆ ಕೋರ್ಟ್ ಅದನ್ನು ಒಪ್ಪಬಹುದು, ಒಪ್ಪದೆಯೂ ಇರಬಹುದು, ನಾನು ಗ್ಯಾರಂಟಿ ಕೊಡಲಾರೆ.

ಇನ್ನೊಂದು, ಫೋನಿನ ಒಪ್ಪಂದ. ಕೆಲಸ ಹೋಯಿತು, ಈ ವರ್ಷ 8,000 ಕೊಡ್ತೀನಿ ಅಂತ ಇವರು ವಾಟ್ಸಾಪ್ ಮಾಡಿದ್ದರು, ಆಕೆ ಹೆಬ್ಬೆಟ್ಟು ಎತ್ತಿ ಕಳಿಸಿದ್ದರು. ಅಷ್ಟಕ್ಕೇ ಡಿಕ್ರಿ ಬದಲಾಯಿತು ಅಂದುಕೊಂಡಿದ್ದರು ಪಾಪ. ಅದೇ ಕಾಯ್ದೆಯ 26ನೇ ಕಲಂ ಅಡಿ ಅರ್ಜಿ ಹಾಕಿದರೆ ಕೋರ್ಟ್ ಮೊತ್ತವನ್ನು ಇಳಿಸಬಹುದು, ಏರಿಸಲೂಬಹುದು. ಅದು ಆಗುವ ತನಕ ಮೀಟರ್ 15,000ದಲ್ಲೇ ಓಡುತ್ತಿರುತ್ತದೆ. ತಾಯಂದಿರೂ ಕಮ್ಮಿ ಇಲ್ಲ, "ನನಗೇನೂ ಬೇಡ" ಅಂತ ಸ್ವಾಭಿಮಾನಕ್ಕೆ ಸಹಿ ಹಾಕುತ್ತಾರೆ. ನಿಮಗೆ ಬೇಡದಿದ್ದರೆ ಬಿಡಿ, ಮಗುವಿನ ಹಕ್ಕನ್ನು ಬಿಟ್ಟುಕೊಡೋಕೆ ನೀವು ಯಾರು? ನಿಮ್ಮ ಸಹಿಯಿಂದ ಅದು ಹೋಗುವುದೂ ಇಲ್ಲ.

ಮಗುವನ್ನು ತೋರಿಸಲಿಲ್ಲ ಅಂತ ದುಡ್ಡು ನಿಲ್ಲಿಸುವವರು ಬೇರೆ. ಅದಕ್ಕೆ ಬೇರೆ ಅರ್ಜಿ ಇದೆ, ಹಾಕಿ. ದುಡ್ಡು ನಿಲ್ಲಿಸಬೇಡಿ. ಸುಮ್ನೆ ಬ್ಯಾಂಕಿಗೆ ಹೇಳಿ ಪ್ರತಿ ತಿಂಗಳು 5ಕ್ಕೆ ತಾನಾಗಿ ಹೋಗುವ ಹಾಗೆ ಮಾಡಿಬಿಡಿ. ಕ್ಯಾಷ್ ಮಾತ್ರ ಬೇಡ.

ಇವರ ಬಾಕಿ ಮೀಡಿಯೇಷನ್‌ನಲ್ಲಿ ಕಂತಿಗೆ ಇಳಿಯಿತು. ಸೈಕಲ್ ಬಿಲ್ ನನ್ನ ಫೈಲಿನಲ್ಲೇ ಉಳಿದಿದೆ. ವಾರಂಟಿ ಇದೆ, ತಗೊಂಡು ಹೋಗಿ ಅಂತ ಎರಡು ಸಲ ಫೋನ್ ಮಾಡಿದೆ, ಬಂದಿಲ್ಲ.