ಸ್ಕೋರು ಬರೆಯುವ ಹುಡುಗ

ಮಕ್ಕಳ ಪುಸ್ತಕಗಳಲ್ಲಿ ಎಲ್ಲ ಬಗೆಯ ಮಕ್ಕಳೂ ಇರಬೇಕೆಂದು ನಾನು ಇಲ್ಲಿ ವಾದ ಹೂಡಲು ಹೊರಟಿಲ್ಲ. ಚಿತ್ರಪುಸ್ತಕಗಳ ಸಂಪಾದಕಿಯಾದ ನನಗೆ ಹಸ್ತಪ್ರತಿ ಕಳುಹಿಸುವ ಲೇಖಕರಲ್ಲಿ ಬಹುತೇಕ ಎಲ್ಲರೂ ಅದನ್ನು ಒಪ್ಪಿಕೊಂಡೇ ಬರುತ್ತಾರೆ. ಕಥೆಯ ಜೊತೆಗಿನ ಪತ್ರದಲ್ಲಿ ‘ವೈವಿಧ್ಯಕ್ಕೆ ವಿಶೇಷ ಗಮನ ಕೊಟ್ಟಿದ್ದೇನೆ’ ಎಂಬ ಸಾಲು ಇದ್ದೇ ಇರುತ್ತದೆ. ನನ್ನ ತಕರಾರು ಶುರುವಾಗುವುದು ಆ ಸಾಲಿನ ನಂತರ.

ಏಕೆಂದರೆ ಮುಂದೆ ಏನು ನಡೆಯುತ್ತದೆಂದು ಓದುವ ಮೊದಲೇ ಹೇಳುವಷ್ಟು ಈ ಕಥೆಗಳು ನನಗೆ ಪರಿಚಿತವಾಗಿಬಿಟ್ಟಿವೆ. ಫಾತಿಮಾ ಎಂಬ ಹುಡುಗಿ ರಂಜಾನ್ ದಿನ ಸುರಕುಂಬದ ಡಬ್ಬಿ ಹಿಡಿದು ಕಥಾನಾಯಕ ಪುಟ್ಟನ ಮನೆಗೆ ಬರುತ್ತಾಳೆ, ಕೊಟ್ಟು ಹೋಗುತ್ತಾಳೆ, ಮತ್ತೆ ಯಾವ ಪುಟದಲ್ಲೂ ಕಾಣಿಸುವುದಿಲ್ಲ. ಕಣ್ಣು ಕಾಣದ ಹುಡುಗಿ ಬಂದರೆ ಅವಳು ಇಂಪಾಗಿ ಹಾಡಲೇಬೇಕು. ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹುಡುಗ ಬಂದರೆ ಶಾಲೆಯ ವಾರ್ಷಿಕೋತ್ಸವದಲ್ಲಿ ಕುಣಿಯಬೇಕು, ಇಲ್ಲವೇ ಓಟದಲ್ಲಿ ಗೆಲ್ಲಬೇಕು. ದಲಿತ ಹುಡುಗನನ್ನು ನೀರಿನ ಕೊಡದ ಬಳಿ ಯಾರೋ ಅವಮಾನಿಸುತ್ತಾರೆ, ಮೇಷ್ಟ್ರು ಬಂದು ಎರಡು ಪುಟದಷ್ಟು ಬುದ್ಧಿ ಹೇಳುತ್ತಾರೆ, ಅವಮಾನಿಸಿದವರು ಕಣ್ಣೀರು ಹಾಕುತ್ತಾರೆ, ಹುಡುಗ ಕ್ಷಮಿಸುತ್ತಾನೆ. ಅವನಿಗೆ ಕ್ಷಮಿಸಲು ಮನಸ್ಸಿದೆಯೇ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಈ ಎಲ್ಲ ಕಥೆಗಳಲ್ಲೂ ಬದಲಾಗುವ ಮನಸ್ಸು ಇನ್ನೊಬ್ಬರದು ಎಂಬುದನ್ನು ನಾನು ಲೇಖಕರಿಗೆ ಮತ್ತೆ ಮತ್ತೆ ತೋರಿಸಬೇಕಾಗುತ್ತದೆ. ಫಾತಿಮಾ ಬಂದದ್ದರಿಂದ ಪುಟ್ಟ ಸೌಹಾರ್ದ ಕಲಿತ. ಅಂಧ ಹುಡುಗಿಯಿಂದ ತರಗತಿ ಕರುಣೆ ಕಲಿಯಿತು. ಅವಮಾನಕ್ಕೆ ಒಳಗಾದ ಹುಡುಗನಿಂದ ಅವಮಾನಿಸಿದವರು ಮನುಷ್ಯರಾದರು. ಯಾರನ್ನು ಪ್ರತಿನಿಧಿಸುತ್ತಿದ್ದೇವೆಂದು ಪತ್ರದಲ್ಲಿ ಬರೆದಿದ್ದಾರೋ ಆ ಮಗು ಕಥೆಯ ಕೊನೆಯಲ್ಲಿ ಮೊದಲಿದ್ದಂತೆಯೇ ಇರುತ್ತದೆ. ಅದಕ್ಕೆ ಏನು ಬೇಕಿತ್ತು, ಅದು ಸಿಕ್ಕಿತೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಹೀಗಾಗಿ ಪ್ರತಿ ಹಸ್ತಪ್ರತಿಯನ್ನೂ ನಾನು ಎರಡು ಪ್ರಶ್ನೆಗಳನ್ನಿಟ್ಟುಕೊಂಡು ಓದುತ್ತೇನೆ. ಈ ಮಗುವನ್ನು ತೆಗೆದರೆ ಕಥೆ ನಿಂತುಹೋಗುತ್ತದೆಯೇ? ಈ ಮಗುವಿಗೆ ತನ್ನ ಜಾತಿ, ಮತ, ಮೈಬಣ್ಣ, ಅಂಗವೈಕಲ್ಯಗಳಿಗೆ ಸಂಬಂಧವೇ ಇಲ್ಲದ ಒಂದು ಆಸೆಯೋ ಹಟವೋ ಭಯವೋ ಇದೆಯೇ? ಮೊದಲ ಪ್ರಶ್ನೆಗೆ ‘ಹೌದು’ ಎನ್ನುವ ಕಥೆಗಳು ಆಗಾಗ ಸಿಗುತ್ತವೆ. ಎರಡನೆಯದಕ್ಕೂ ಹೌದೆನ್ನುವ ಕಥೆ ಸಿಕ್ಕಿದ ದಿನ ನಾನು ಬೇರೆ ಕೆಲಸಗಳನ್ನೆಲ್ಲ ಬದಿಗಿಡುತ್ತೇನೆ.

ಉದಾಹರಣೆ ಹೇಳಿದರೆ ಸ್ಪಷ್ಟವಾದೀತು. ಉತ್ತರ ಕನ್ನಡದ ಸಿದ್ದಿ ಹುಡುಗಿಯೊಬ್ಬಳ ಕುರಿತ ಹಸ್ತಪ್ರತಿಯೊಂದು ನನ್ನಲ್ಲಿಗೆ ಬಂದಿತ್ತು. ತನ್ನ ಗುಂಗುರು ಕೂದಲು ಎಲ್ಲರಂತಿಲ್ಲವಲ್ಲ ಎಂದು ಅವಳು ಅಳುತ್ತಾಳೆ, ಅಜ್ಜಿ ಸಮಾಧಾನ ಹೇಳುತ್ತಾಳೆ, ಕೊನೆಗೆ ಅವಳು ತನ್ನ ಕೂದಲನ್ನು ಪ್ರೀತಿಸಲು ಕಲಿಯುತ್ತಾಳೆ. ಭಾಷೆ ಚೆನ್ನಾಗಿತ್ತು, ಲೇಖಕಿಯ ಉದ್ದೇಶದಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ಆದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಕೇರಿಯಲ್ಲಿ ಬೆಳೆಯುವ ಐದು ವರ್ಷದ ಮಗುವಿಗೆ ಅಮ್ಮನ ಕೂದಲೂ ಅಣ್ಣನ ಕೂದಲೂ ಪಕ್ಕದ ಮನೆಯವರ ಕೂದಲೂ ಗುಂಗುರೇ ಆಗಿರುವಾಗ, ‘ಎಲ್ಲರಂತಿಲ್ಲ’ ಎನ್ನುವಲ್ಲಿ ಆ ಎಲ್ಲರು ಯಾರು? ಆ ದುಃಖ ಹುಡುಗಿಯದಲ್ಲ, ಅವಳನ್ನು ಬೆಂಗಳೂರಿನಿಂದ ನೋಡುತ್ತಿರುವ ಕಣ್ಣಿನದು. ಮುಂದೆ ದೂರದ ಹಾಸ್ಟೆಲ್ಲಿಗೆ ಸೇರಿದಾಗ ಅವಳಿಗೆ ಅಂಥ ನೋವು ಎದುರಾಗಲಾರದು ಎಂದಲ್ಲ. ಆಗ ಅದು ಬೇರೆ ಕಥೆ, ಬೇರೆ ವಯಸ್ಸಿನ ಕಥೆ. ಇನ್ನೊಂದು ಮಾತು. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. 2003ರಲ್ಲಿ ಈ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದು ಒಂದೇ ಹೆಸರಿನಲ್ಲಿ, ಆದರೆ ಹಬ್ಬ, ಹೆಸರು, ಅಡುಗೆ ಮನೆಯಿಂದ ಮನೆಗೆ ಬೇರೆಯಾಗಬಹುದು. ಹೀಗಿರುವಾಗ ಯಾವ ಒಬ್ಬ ಹುಡುಗಿಯನ್ನು ತಂದು ‘ಇವಳು ಸಿದ್ದಿ’ ಎಂದು ಮಾದರಿಯಾಗಿ ನಿಲ್ಲಿಸುವುದು? ಅವಳು ಯಾವ ಮನೆಯವಳು, ಅವಳಿಗೇನು ಬೇಕು ಎಂದು ಲೇಖಕಿಯನ್ನು ಕೇಳಿದೆ. ಕೆಲವು ತಿಂಗಳ ನಂತರ ಕಥೆ ತಿರುಗಿ ಬಂದಾಗ ಅದೇ ಹುಡುಗಿ, ಅಲುಗಾಡುತ್ತಿರುವ ಹಾಲುಹಲ್ಲು ತನ್ನ ಗೆಳತಿಯದಕ್ಕಿಂತ ಮೊದಲು ಬೀಳಲೇಬೇಕೆಂದು ಹಟ ಹಿಡಿದು ಕಬ್ಬು, ಚಕ್ಕುಲಿ, ಪೇರಲೆಕಾಯಿ ಎಲ್ಲವನ್ನೂ ಕಚ್ಚಿ ನೋಡುತ್ತಿದ್ದಳು. ಅಜ್ಜಿ ಈಗಲೂ ಇದ್ದಳು, ಗುಂಗುರು ಕೂದಲೂ ಚಿತ್ರದಲ್ಲಿತ್ತು. ಅದರ ಬಗ್ಗೆ ಯಾರೂ ಮಾತಾಡುತ್ತಿರಲಿಲ್ಲ.

ಇದು ನಾನು ಹೊಸದಾಗಿ ಕಂಡುಹಿಡಿದ ಸಂಗತಿಯೇನಲ್ಲ. ಅಮೆರಿಕದ ಶಿಕ್ಷಣತಜ್ಞೆ ನ್ಯಾನ್ಸಿ ಲ್ಯಾರಿಕ್ 1965ರಲ್ಲಿ ‘ಸ್ಯಾಟರ್ಡೇ ರಿವ್ಯೂ’ ಪತ್ರಿಕೆಯಲ್ಲಿ ಬರೆದ ಲೇಖನವನ್ನು ಈ ವಿಷಯದಲ್ಲಿ ಎಲ್ಲರೂ ಉಲ್ಲೇಖಿಸುತ್ತಾರೆ. 1962ರಿಂದ 1964ರವರೆಗೆ 63 ಪ್ರಕಾಶಕರು ಹೊರತಂದ 5,206 ಮಕ್ಕಳ ಪುಸ್ತಕಗಳಲ್ಲಿ ಒಬ್ಬರಾದರೂ ಕಪ್ಪು ಜನಾಂಗದವರಿದ್ದದ್ದು 349ರಲ್ಲಿ ಮಾತ್ರ ಎಂಬ ಲೆಕ್ಕವನ್ನು ಉಲ್ಲೇಖಿಸಿ ಅಲ್ಲಿಗೇ ನಿಲ್ಲಿಸುತ್ತಾರೆ. ಆಕೆ ಅಲ್ಲಿಗೆ ನಿಲ್ಲಿಸಿರಲಿಲ್ಲ. ಆ 349ರಲ್ಲಿ ಹತ್ತಿರಹತ್ತಿರ ಶೇ. 60ರಷ್ಟು ಪುಸ್ತಕಗಳ ಕಥೆ ನಡೆಯುವುದು ಅಮೆರಿಕದ ಹೊರಗೆ ಅಥವಾ ಎರಡನೇ ಮಹಾಯುದ್ಧಕ್ಕಿಂತ ಹಿಂದೆ. ತಮ್ಮ ಕಾಲದ ಅಮೆರಿಕದಲ್ಲಿ ಬದುಕುತ್ತಿರುವ ಕಪ್ಪು ಜನರ ಕಥೆ ಹೇಳುವ ಪುಸ್ತಕಗಳು ಒಟ್ಟಾರೆ ಶೇ. 0.8 ಮಾತ್ರ ಎಂದೂ ಆಕೆ ಲೆಕ್ಕ ಕೊಟ್ಟಿದ್ದರು. ಬ್ರಿಟನ್ನಿನ ಸೆಂಟರ್ ಫಾರ್ ಲಿಟರಸಿ ಇನ್ ಪ್ರೈಮರಿ ಎಜುಕೇಷನ್ ಸಂಸ್ಥೆ 2017ರ ಪುಸ್ತಕಗಳನ್ನು ಎಣಿಸಿದಾಗಲೂ ಇದೇ ಅಂತರ ಕಂಡಿತು: 9,115 ಪುಸ್ತಕಗಳ ಪೈಕಿ 391ರಲ್ಲಿ, ಎಂದರೆ ಶೇ. 4ರಷ್ಟರಲ್ಲಿ, ಕಪ್ಪು, ಏಷ್ಯನ್ ಮತ್ತಿತರ ಅಲ್ಪಸಂಖ್ಯಾತ ಜನಾಂಗದ ಪಾತ್ರಗಳಿದ್ದವು. ಅವರೇ ಮುಖ್ಯ ಪಾತ್ರವಾಗಿದ್ದದ್ದು ಶೇ. 1ರಷ್ಟರಲ್ಲಿ. ನಮ್ಮ ಲೇಖಕರು ಪತ್ರದಲ್ಲಿ ಪಾತ್ರಗಳನ್ನು ಎಣಿಸಿ ಕಳುಹಿಸುವಾಗ ಈ ನಾಲ್ಕಕ್ಕೂ ಒಂದಕ್ಕೂ ನಡುವಿನ ಅಂತರವನ್ನು ಗಮನಿಸಬೇಕೆಂದು ನನ್ನ ಕೋರಿಕೆ.

ಅಂಗವೈಕಲ್ಯದ ವಿಷಯದಲ್ಲಂತೂ ಗಾಲಿಕುರ್ಚಿಯ ಆಚೆಗೆ ನಮ್ಮ ಕಲ್ಪನೆ ಹೋಗುತ್ತಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ, 1995ರ ಕಾಯ್ದೆಯಲ್ಲಿ ಇದ್ದದ್ದು ಏಳು. ಚಿತ್ರಕಾರರು ಬಿಡಿಸುವುದು ಮಾತ್ರ ಒಂದೇ, ಅದೂ ಆಸ್ಪತ್ರೆಯ ಮೊಗಸಾಲೆಯಲ್ಲಿ ಕಾಣುವಂಥ ಉಕ್ಕಿನ ಕುರ್ಚಿ. ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರಾಗುವ ಹಳ್ಳಿಯ ದಾರಿಯಲ್ಲಿ ಅದು ಹತ್ತು ಹೆಜ್ಜೆಯೂ ಉರುಳಲಾರದು. ಅಲ್ಲಿಯ ಮಕ್ಕಳು ಕಾಲಿಗೆ ಆಸರೆಯಾಗುವ ಕ್ಯಾಲಿಪರ್ ಕಟ್ಟಿಕೊಂಡು, ಊರುಗೋಲು ಹಿಡಿದು, ಕೈಯಿಂದ ತಿರುಗಿಸಿ ನಡೆಸುವ ಮೂರು ಗಾಲಿಯ ಸೈಕಲ್ಲಿನಲ್ಲಿ, ಅಣ್ಣನ ಬೆನ್ನ ಮೇಲೆ ಓಡಾಡುತ್ತಾರೆ. ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಮಕ್ಕಳಿಗೆ ಕ್ರಿಕೆಟ್ ಕಥೆಯೊಂದನ್ನು ಓದಿ ಹೇಳುತ್ತಿದ್ದೆ. ಗಾಲಿಕುರ್ಚಿಯ ಹುಡುಗನನ್ನು ಉಳಿದವರು ‘ನೀನೂ ನಮ್ಮವನೇ’ ಎಂದು ಅಪ್ಪಿಕೊಂಡು ಸ್ಕೋರು ಬರೆಯಲು ಕೂರಿಸುತ್ತಾರೆ. ಕಥೆ ಅಲ್ಲಿಗೆ ಸುಖವಾಗಿ ಮುಗಿಯುತ್ತದೆ. ಕಾಲಿಗೆ ಕ್ಯಾಲಿಪರ್ ಹಾಕಿದ್ದ ಹುಡುಗನೊಬ್ಬ ಮುಂದಿನ ಸಾಲಿನಿಂದಲೇ ಕೇಳಿದ: “ಮಿಸ್, ಇವ್ನು ಯಾಕೆ ಬೌಲಿಂಗ್ ಮಾಡಲ್ಲ? ಸ್ಕೋರ್ ಬರೆಯೋದು ಬೋರು.” ಪಕ್ಕದವನು ಹೆಮ್ಮೆಯಿಂದ ಸೇರಿಸಿದ: “ಇವ್ನು ಕೂತ್ಕೊಂಡೇ ಸ್ಪಿನ್ ಹಾಕ್ತಾನೆ ಮಿಸ್, ಯಾರಿಗೂ ಆಡಕ್ಕಾಗಲ್ಲ.” ಆ ಊರಿನ ಮಕ್ಕಳು ಈ ವಿಷಯದಲ್ಲಿ ನಮ್ಮ ಪುಸ್ತಕಕ್ಕಿಂತ ಬಹಳ ಮುಂದಿದ್ದರು.

ಇನ್ನು ‘ಯಾವ ಸಮುದಾಯಕ್ಕೂ ಸೇರದ’ ಪುಟ್ಟನ ವಿಚಾರ. ಲೇಖಕರು ಅವನನ್ನು ಎಲ್ಲರಿಗೂ ಸಲ್ಲುವ ಹುಡುಗನೆಂದು ನಂಬಿದ್ದಾರೆ. ಅವನ ಮನೆಯಂಗಳದಲ್ಲಿ ತುಳಸಿಕಟ್ಟೆ, ಒಳಗೆ ದೇವರಕೋಣೆ, ಅಪ್ಪನಿಗೆ ಆಫೀಸು, ತಟ್ಟೆಯಲ್ಲಿ ಯಾವಾಗಲೂ ಅನ್ನ, ಹುಳಿ, ಹಪ್ಪಳ. ಕರ್ನಾಟಕದ ಬಹುಪಾಲು ಮನೆಗಳಲ್ಲಿ ಮಾಂಸಾಹಾರ ಬಳಕೆಯಲ್ಲಿದ್ದರೂ ಕನ್ನಡದ ಚಿತ್ರಪುಸ್ತಕಗಳ ಅಡುಗೆಮನೆಯಲ್ಲಿ ಮೀನು ಹುರಿಯುವ ವಾಸನೆ ಬರುವುದು ತೀರ ಅಪರೂಪ. ತಟ್ಟೆಯ ಮೇಲೆ ಅರ್ಧ ಮೊಟ್ಟೆ ಬಿಡಿಸಿದ್ದ ಪುಟವನ್ನು ‘ವಿವಾದ ಬೇಡ’ ಎಂದು ಬದಲಾಯಿಸಲು ಖರೀದಿದಾರರೊಬ್ಬರು ನಮ್ಮನ್ನು ಕೇಳಿದ್ದುಂಟು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಊಟದಲ್ಲಿ 2024ರಿಂದ ವಾರಕ್ಕೆ 6 ದಿನ ಮೊಟ್ಟೆ ಕೊಡುವ ಏರ್ಪಾಡಾಗಿದೆ, ತಿನ್ನದ ಮಕ್ಕಳಿಗೆ ಬಾಳೆಹಣ್ಣಿದೆ. ಮಗುವಿನ ಕೈಯಲ್ಲೇ ಇರುವ ಮೊಟ್ಟೆ ಅದೇ ಮಗು ಓದುವ ಪುಸ್ತಕದಲ್ಲಿ ವಿವಾದವಾಗುವುದು ಹೇಗೆಂದು ನನಗೆ ಇಂದಿಗೂ ಅರ್ಥವಾಗಿಲ್ಲ. ಭಾಷೆಯದೂ ಹೆಚ್ಚುಕಡಿಮೆ ಇದೇ ಪಾಡು. 2011ರ ಜನಗಣತಿಯ ಪ್ರಕಾರ ರಾಜ್ಯದ ಸುಮಾರು ಮೂರನೇ ಒಂದು ಭಾಗದ ಜನರ ಮನೆಮಾತು ಕನ್ನಡವಲ್ಲ. ಅವರ ಮಕ್ಕಳಲ್ಲಿ ಎಷ್ಟೋ ಮಂದಿ ಕನ್ನಡ ಶಾಲೆಯಲ್ಲಿ ಕಲಿತು ಮನೆಗೆ ಹೋಗಿ ಉರ್ದುವಿನಲ್ಲೋ ತುಳುವಿನಲ್ಲೋ ಲಂಬಾಣಿಯಲ್ಲೋ ಜಗಳವಾಡುತ್ತಾರೆ. ಫಾತಿಮಾಳಿಗೆ ಹಬ್ಬದ ದಿನದ ಡಬ್ಬಿಯ ಬದಲು ತಮ್ಮನೊಂದಿಗೆ ಅಂಥದೊಂದು ಜಗಳವನ್ನಾದರೂ ಕೊಡಬಹುದಲ್ಲ.

ಚಿತ್ರಗಳ ಬಗ್ಗೆ ಮುದ್ರಣಾಲಯದ ಒಂದು ಸಂಗತಿಯನ್ನು ಇಲ್ಲಿ ಹೇಳಿಬಿಡುತ್ತೇನೆ, ಏಕೆಂದರೆ ಪೂರ್ವಗ್ರಹವೆಂದು ನಾವು ಬೈಯುವುದರಲ್ಲಿ ಒಂದು ಪಾಲು ಅಲ್ಲಿಯದು. ಅಗ್ಗದ ಪುಸ್ತಕಗಳಿಗೆ ಬಳಸುವ ಮ್ಯಾಪ್‌ಲಿಥೋ ಕಾಗದ ಶಾಯಿಯನ್ನು ಹೀರಿಕೊಳ್ಳುವುದರಿಂದ ಮುದ್ರಣದ ಚುಕ್ಕಿಗಳು ಹರಡಿ, ಗಾಢ ಮೈಬಣ್ಣವು ಕಂಪ್ಯೂಟರ್ ಪರದೆಯಲ್ಲಿ ಕಂಡದ್ದಕ್ಕಿಂತ ಕಪ್ಪಾಗಿ, ಕಣ್ಣು ಮೂಗು ಒಂದರೊಳಗೊಂದು ಸೇರಿಹೋಗುತ್ತವೆ. ಒಮ್ಮೆ ಹೀಗಾದದ್ದನ್ನು ನೋಡಿದ ಚಿತ್ರಕಾರರು ಮುಂದಿನ ಪುಸ್ತಕದಲ್ಲಿ ಎಲ್ಲ ಮಕ್ಕಳನ್ನೂ ಗೋಧಿಬಣ್ಣಕ್ಕೆ ತಂದು ನಿಶ್ಚಿಂತರಾಗುತ್ತಾರೆ. ಇದಕ್ಕೆ ಮದ್ದಿದೆ: ಮೈಬಣ್ಣದಲ್ಲಿ ಕಪ್ಪು ಶಾಯಿಯ ಪ್ರಮಾಣವನ್ನು ಆದಷ್ಟು ತಗ್ಗಿಸಿ, ಮುದ್ರಣದ ಉಳಿದ ಮೂರು ಬಣ್ಣಗಳಿಂದಲೇ (ಸಯಾನ್, ಮಜೆಂಟಾ, ಹಳದಿ) ಗಾಢತೆಯನ್ನು ಕಟ್ಟಿ, ಮುದ್ರಿಸುವ ಕಾಗದದ ಮೇಲೆಯೇ ಪರೀಕ್ಷಾ ಪ್ರತಿ (ಪ್ರೂಫ್) ತೆಗೆದು ನೋಡಬೇಕು. ಖರ್ಚು ಸ್ವಲ್ಪ ಹೆಚ್ಚು, ಅಷ್ಟೆ.

ನನ್ನ ಮಾತನ್ನು ತಪ್ಪಾಗಿ ಓದುವ ಅಪಾಯವೂ ಇದೆ. ಅವಮಾನದ, ತಾರತಮ್ಯದ ಕಥೆಗಳು ಮಕ್ಕಳಿಗೆ ಬೇಡವೆಂದು ನಾನು ಹೇಳುತ್ತಿಲ್ಲ. ಅಂಥದನ್ನು ಅನುಭವಿಸುತ್ತಿರುವ ಮಗುವಿಗೆ ಅದು ಪುಸ್ತಕದಲ್ಲಿ ಕಾಣದಿದ್ದರೆ ತಾನೊಬ್ಬನೇ ಹೀಗೆ ಎನಿಸಬಹುದು. ಅಂಥ ಕಥೆಯಲ್ಲಿ ಸಿಟ್ಟು ಆ ಮಗುವಿನದಾಗಿರಲಿ, ತೀರ್ಮಾನವೂ ಅದರದಾಗಿರಲಿ ಎಂದಷ್ಟೇ ನನ್ನ ಆಗ್ರಹ. ಒಂದು ಪುಸ್ತಕ ಓದಿ ಮಕ್ಕಳ ಮನಸ್ಸಿನ ಭೇದಭಾವ ಹೋಗಿಬಿಡುತ್ತದೆ ಎಂಬ ಭರವಸೆಯನ್ನೂ ನಾನು ಕೊಡಲಾರೆ. ‘ಆ ಸಮುದಾಯದವರೇ ಬರೆಯಬೇಕೇ, ನಾವು ಬರೆಯಲೇಬಾರದೇ?’ ಎಂದು ನೊಂದುಕೊಂಡು ಕೇಳುವವರಿಗೆ ನನ್ನ ಉತ್ತರ ಇಷ್ಟು: ಬರೆಯಿರಿ, ಆದರೆ ಆ ಬದುಕನ್ನು ಬಲ್ಲ ಇಬ್ಬರಿಗಾದರೂ ಕರಡನ್ನು ಓದಿಸಿ, ಅವರು ಓದಿದ್ದಕ್ಕೆ ಸಂಭಾವನೆ ಕೊಡಿ, ಅವರು ಬೇಡವೆಂದರೆ ಕೈಬಿಡುವ ಸಿದ್ಧತೆಯೂ ನಿಮಗಿರಲಿ. ಅದರ ಜೊತೆಗೆ, ಆ ಕೇರಿಗಳಿಂದಲೇ ಬರೆಯುವವರನ್ನು ಹುಡುಕುವುದು ನಮ್ಮಂಥ ಸಂಪಾದಕರ ಹೊಣೆ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ನಂತರ ದೊಡ್ಡವರ ಕನ್ನಡ ಸಾಹಿತ್ಯದಲ್ಲಿ ಯಾರು ಬರೆಯಬಹುದು, ಯಾರ ಮನೆಯ ಬಗ್ಗೆ ಬರೆಯಬಹುದು ಎಂಬುದೇ ಬದಲಾಯಿತು. ಆ ಗಾಳಿ ಮಕ್ಕಳ ಕಪಾಟಿನ ಕಡೆಗೆ ಅಷ್ಟಾಗಿ ಬೀಸಲಿಲ್ಲವೆಂಬುದು ನನ್ನ ಅಭಿಪ್ರಾಯ.

ಕೊನೆಯದಾಗಿ, ಪುಸ್ತಕ ಕೊಳ್ಳುವವರಿಗೆ ಒಂದು ಮಾತು. ಆ ಹಲ್ಲಿನ ಕಥೆಯನ್ನು ತೋರಿಸಿದಾಗ ಶಾಲೆಯೊಂದರ ಗ್ರಂಥಪಾಲಕಿ, ಇದನ್ನು ಯಾವ ದಿನಾಚರಣೆಗೆ ತರಿಸಬೇಕು, ಇದರಲ್ಲಿ ಮೌಲ್ಯ ಯಾವುದು ಎಂದು ಕೇಳಿದರು. ಅಂಗವಿಕಲರ ಕುರಿತ ಪುಸ್ತಕಗಳಿಗೆ ವಿಶ್ವ ಅಂಗವಿಕಲರ ದಿನವಾದ ಡಿಸೆಂಬರ್ 3ರ ಆಸುಪಾಸಿನಲ್ಲಿ ಮಾತ್ರ ಬೇಡಿಕೆ ಬರುವುದನ್ನು ನಾನು ನೋಡಿದ್ದೇನೆ, ಆದ್ದರಿಂದ ಪ್ರಶ್ನೆ ಹೊಸದೆನಿಸಲಿಲ್ಲ. ದಿನಾಚರಣೆ ಯಾವುದೂ ಇಲ್ಲ, ಹಲ್ಲು ಬೀಳುವ ವಯಸ್ಸಿನ ಮಕ್ಕಳು ನಿಮ್ಮ ಒಂದನೇ, ಎರಡನೇ ತರಗತಿಯಲ್ಲಿ ಇದ್ದಾರೆ, ಅವರ ಕೈಗೆ ಸಿಗುವಂತೆ ಕೆಳಗಿನ ಖಾನೆಯಲ್ಲಿಡಿ ಎಂದೆ. ಅವರು ಎರಡು ಪ್ರತಿ ತೆಗೆದುಕೊಂಡರು.