ಮೈಮೇಲಿನ ಬಳೆಗಳೂ ಒಳಗಿನ ಖಂಡಗಳೂ

ಮಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನನಗೆ, ಮಳೆಗಾಲದಲ್ಲಿ ಚಾರ್ಮಾಡಿಯ ಕಡೆ ಸುತ್ತಾಡಿ ಬಂದ ವಿದ್ಯಾರ್ಥಿಗಳು ಕೇಳುವ ಒಂದು ಪ್ರಶ್ನೆ ಬಹಳ ಮುಖ್ಯವೆನಿಸುತ್ತದೆ: ಕಾಲಿಗೆ ಹತ್ತಿದ ಇಂಬಳದ, ಅಂದರೆ ನೆಲದ ಜಿಗಣೆಯ, ಮೈಮೇಲೆ ಕಾಣುವ ಒತ್ತೊತ್ತಾದ ಬಳೆಗಳೆಲ್ಲ ದೇಹಖಂಡಗಳೇ? ಅಲ್ಲ. ಜಿಗಣೆಗಳ ದೇಹದಲ್ಲಿ 33 ಖಂಡಗಳಿವೆ ಎಂದು ನಮ್ಮ ಪಠ್ಯಗಳು ಎಣಿಸುತ್ತವೆ. ಮರಿಯಾಗಿದ್ದಾಗ ಇದ್ದ ಈ ಸಂಖ್ಯೆ ಅದು ಎಷ್ಟೇ ದೊಡ್ಡದಾಗಿ ಬೆಳೆದರೂ ಹೆಚ್ಚುವುದಿಲ್ಲ. ಮೈಯ ನಡುಭಾಗದಲ್ಲಿ ಒಂದೊಂದು ಖಂಡದ ಮೇಲೆ ಸಾಮಾನ್ಯವಾಗಿ ಐದು ಬಳೆಗಳಿರುತ್ತವೆ. ಅವು ಚರ್ಮದ ಮೇಲಿನ ಗೆರೆಗಳಷ್ಟೆ. ಖಂಡವನ್ನು ತಿಳಿಯಬೇಕಾದರೆ ಒಳಗಿನ ನರಹುರಿಯ ಗಂಟುಗಳನ್ನು ಎಣಿಸಬೇಕು.

ಪ್ರಾಣಿಶಾಸ್ತ್ರದಲ್ಲಿ ಮೆಟಾಮಿಯರ್ ಎಂದು ಕರೆಯುವ ಖಂಡದ ನಿಜವಾದ ಗುರುತು ಇದೇ. ತಲೆಯಿಂದ ಬಾಲದವರೆಗೆ ಒಂದೇ ನಮೂನೆಯ ಅಂಗಗಳ ಗುಂಪು, ಅಂದರೆ ಸ್ನಾಯು, ನರ, ರಕ್ತನಾಳದ ಕವಲು, ವಿಸರ್ಜನಾಂಗಗಳು, ಸಾಲಾಗಿ ಮತ್ತೆ ಮತ್ತೆ ಬರಬೇಕು. ಹೊರಗೆ ಬಳೆ ಕಾಣಲಿ, ಕಾಣದಿರಲಿ. ಎರೆಹುಳದಲ್ಲಿ ಒಳಗೂ ಹೊರಗೂ ಹೊಂದಿಕೆಯಿರುವುದರಿಂದ ಪಾಠವನ್ನು ಅದರಿಂದಲೇ ಆರಂಭಿಸುತ್ತೇವೆ. ಅದರ ಬಹುಪಾಲು ಖಂಡಗಳ ನಡುವೆ ತೆಳುವಾದ ಪರದೆಯಿದ್ದು, ದೇಹದೊಳಗಿನ ದ್ರವದ ಒತ್ತಡವು ಬಹಳಮಟ್ಟಿಗೆ ಆಯಾ ಖಂಡದಲ್ಲಿಯೇ ಉಳಿಯುವುದರಿಂದ, ಮುಂದಿನ ಕೆಲವು ಖಂಡಗಳು ಸಪೂರವಾಗಿ ಉದ್ದಕ್ಕೆ ಚಾಚಿಕೊಳ್ಳುತ್ತಿರುವಾಗಲೇ ಹಿಂದಿನವು ಗಿಡ್ಡವಾಗಿ ಉಬ್ಬಿ, ತಮ್ಮ ಸಣ್ಣ ಬಿರುಗೂದಲುಗಳಿಂದ ಮಣ್ಣನ್ನು ಹಿಡಿದುಕೊಳ್ಳಬಲ್ಲವು. ಮೂಳೆಯೇ ಇಲ್ಲದ ಪ್ರಾಣಿಯೊಂದು ಅಡಿಕೆ ತೋಟದ ಮಣ್ಣನ್ನು ಕೊರೆದು ಸಾಗುವ ಬಲ ಹುಟ್ಟುವುದು ಈ ವ್ಯವಸ್ಥೆಯಿಂದ.

ಲಾಡಿಹುಳದ ವಿಷಯ ಬೇರೆ. ಅದರ ತುಂಡುಗಳು ಖಂಡಗಳಂತೆ ಕಂಡರೂ ಹೊಸ ತುಂಡು ಹುಟ್ಟುವುದು ತಲೆಯ ಹಿಂದೆ. ಹಳೆಯವು ಬಾಲದ ತುದಿಗೆ ಸರಿದು, ಮೊಟ್ಟೆ ತುಂಬಿಕೊಂಡು ಕಳಚಿ ಬೀಳುತ್ತವೆ. ಎರೆಹುಳದ ಬಳಗದಲ್ಲಿ ಹೊಸ ಖಂಡಗಳು ಹುಟ್ಟುವುದು ಬಾಲದ ತುದಿಯ ಮುಂಭಾಗದಲ್ಲಿ. ಆದ್ದರಿಂದ ಲಾಡಿಹುಳದ್ದನ್ನು ನಿಜವಾದ ಖಂಡವಿನ್ಯಾಸವೆಂದು ಪರಿಗಣಿಸುವುದಿಲ್ಲ. ಸಹಸ್ರಪದಿಯಲ್ಲಿ ಲೆಕ್ಕ ಇನ್ನೊಂದು ಬಗೆಯಲ್ಲಿ ತಪ್ಪುತ್ತದೆ: ಮುಂಭಾಗದ ಕೆಲವನ್ನು ಬಿಟ್ಟರೆ ಅದರ ಒಂದೊಂದು ಬಳೆಯೂ ಎರಡು ಖಂಡಗಳು ಕೂಡಿ ಆದದ್ದು, ಹಾಗಾಗಿಯೇ ಪ್ರತಿ ಬಳೆಗೆ ಎರಡು ಜೊತೆ ಕಾಲುಗಳು.

ಮಲ್ಪೆಯಲ್ಲಾಗಲಿ ಮಂಗಳೂರಿನ ಧಕ್ಕೆಯಲ್ಲಾಗಲಿ ಸಿಗಡಿಯನ್ನು ಕೊಳ್ಳುವವರು ಅದರ ಹೊಟ್ಟೆಯ ಆರು ಖಂಡಗಳನ್ನು ಕೈಯಲ್ಲೇ ಎಣಿಸಬಹುದು. ಬಂಗುಡೆ, ಅಂಜಲ್‌ಗಳಲ್ಲಿ ಹೊರಗೆ ಯಾವ ಬಳೆಯೂ ಇಲ್ಲ. ಆದರೆ ಬೇಯಿಸಿದಾಗ ಮಾಂಸವು ಪದರ ಪದರವಾಗಿ ಬಿಡಿಸಿಕೊಳ್ಳುತ್ತದಲ್ಲ, ಆ ಒಂದೊಂದು ಪದರವೂ ಒಂದು ಸ್ನಾಯುಖಂಡ. ಅವುಗಳ ನಡುವಿನ ತೆಳು ಪರದೆಯಲ್ಲಿರುವ ಕೊಲಾಜನ್ ಬಿಸಿಗೆ ಕರಗುವುದರಿಂದ ಅವು ಬೇರೆಯಾಗುತ್ತವೆ. ಬೆನ್ನೆಲುಬಿರುವ ಕಶೇರುಕಗಳೂ ಖಂಡಗಳಿಂದಾದ ಪ್ರಾಣಿಗಳೆಂಬುದಕ್ಕೆ ಊಟದ ತಟ್ಟೆಗಿಂತ ಸುಲಭದ ಸಾಕ್ಷ್ಯವನ್ನು ನಾನು ಕಂಡಿಲ್ಲ.

ನಮ್ಮ ದೇಹವೂ ಈ ಸಾಲಿಗೇ ಸೇರಿದೆ. ಗರ್ಭದ ಮೂರನೆಯ ವಾರದ ಕೊನೆಗೆ ಭ್ರೂಣದ ಬೆನ್ನಿನ ಎರಡೂ ಬದಿಗಳಲ್ಲಿ ಸೋಮೈಟ್ ಎಂಬ ಗಂಟುಗಳು ಮೂಡತೊಡಗಿ, ಐದನೆಯ ವಾರದ ಹೊತ್ತಿಗೆ 42ರಿಂದ 44 ಜೋಡಿಗಳಾಗುತ್ತವೆ. ಬಾಲದ ಕಡೆಯ ಕೆಲವು ಮತ್ತೆ ಮರೆಯಾಗುತ್ತವೆ. ಕೋಳಿಯ ಭ್ರೂಣದಲ್ಲಿ ಸುಮಾರು 90 ನಿಮಿಷಕ್ಕೊಂದು ಜೋಡಿ ಮೂಡುತ್ತದೆ, ಮತ್ತು ಅದೇ ಲಯದಲ್ಲಿ ಜೀನೊಂದು ಚುರುಕಾಗುತ್ತ ತಣ್ಣಗಾಗುತ್ತ ಇರುತ್ತದೆ ಎಂಬುದು 1997ರಲ್ಲಿ ಬೆಳಕಿಗೆ ಬಂತು. ಒಂದು ಸೋಮೈಟ್‌ನ ಕೆಳಬದಿಯ ಅರ್ಧ ಮತ್ತು ಅದರ ಕೆಳಗಿನದರ ಮೇಲ್ಬದಿಯ ಅರ್ಧ ಸೇರಿ ಒಂದು ಕಶೇರುಮಣಿಯಾಗುವುದರಿಂದ ಸ್ನಾಯು ಎರಡು ಮಣಿಗಳನ್ನು ಬೆಸೆಯುತ್ತದೆ. ಬೆನ್ನು ಬಾಗುವುದು ಆ ಕಾರಣಕ್ಕೆ.

ಈ ಹಳೆಯ ವಿನ್ಯಾಸವು ಚರ್ಮದ ಮೇಲೆ ಸ್ಪಷ್ಟವಾಗಿ ತೋರುವುದು ಸರ್ಪಸುತ್ತಿನಲ್ಲಿ. ನಾಗಾರಾಧನೆಯ ನಮ್ಮ ಕರಾವಳಿಯಲ್ಲಿ ಈ ಕಾಯಿಲೆಯ ಬಗ್ಗೆ ಭಯ ಹೆಚ್ಚು. ಗುಳ್ಳೆಗಳ ಸುತ್ತು ಪೂರ್ತಿಯಾಗಿ ತಲೆ ಬಾಲ ಸೇರಿದರೆ ಜೀವಕ್ಕೆ ಅಪಾಯವೆಂದು ಹಿರಿಯರು ನಂಬುತ್ತಾರೆ. ಎಂದೋ ಬಂದು ಹೋದ ಸೀತಾಳೆ ಸಿಡುಬಿನ ವೈರಾಣುವು ಬೆನ್ನುಹುರಿಯ ಪಕ್ಕದ ನರಗಂಟಿನಲ್ಲಿ ಉಳಿದು, ವಯಸ್ಸಾದಾಗ ಅಥವಾ ದೇಹದ ರಕ್ಷಣಾಶಕ್ತಿ ಕುಂದಿದಾಗ ಆ ಒಂದು ನರದ ಹಾದಿಯಲ್ಲಿ ಚರ್ಮಕ್ಕೆ ಬರುತ್ತದೆ. ಪ್ರತಿ ಖಂಡಕ್ಕೂ ಎಡಕ್ಕೊಂದು ಬಲಕ್ಕೊಂದು ಪ್ರತ್ಯೇಕ ನರಗಂಟು ಇರುವುದರಿಂದ ಗುಳ್ಳೆಗಳು ಸಾಮಾನ್ಯವಾಗಿ ಮೈಯ ನಡುಗೆರೆಯಲ್ಲಿಯೇ ನಿಲ್ಲುತ್ತವೆ. ಅಂದರೆ ಆ ಪಟ್ಟಿ ಹಾವಿನ ಸುತ್ತಲ್ಲ, ಒಂದು ದೇಹಖಂಡದ ಅರ್ಧ. ಗುಳ್ಳೆ ಏಳುವ ಮೊದಲೇ ಅದೇ ಪಟ್ಟಿಯಲ್ಲಿ ಉರಿ ನೋವು ಕಾಣಿಸಿಕೊಳ್ಳುವುದೂ, ಗುಳ್ಳೆ ಒಣಗಿದ ಮೇಲೆ ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುವುದೂ ಪೆಟ್ಟು ತಿಂದ ಆ ನರದಿಂದಲೇ. ವೈರಾಣುವನ್ನು ತಡೆಯುವ ಮಾತ್ರೆಗಳನ್ನು ಗುಳ್ಳೆ ಕಂಡ 72 ಗಂಟೆಗಳೊಳಗೆ ಆರಂಭಿಸಿದರೆ ಹೆಚ್ಚು ಪ್ರಯೋಜನವಾಗುವುದರಿಂದ, ಒಂದೇ ಮಗ್ಗುಲಿನಲ್ಲಿ ಪಟ್ಟಿಯಂತೆ ಗುಳ್ಳೆಗಳು ಎದ್ದವರನ್ನು ಗುಳ್ಳೆಗಳ ಮೇಲೆ ನಾಟಿಮದ್ದು ಬರೆಯುವವರಲ್ಲಿಗೆ ಕರೆದೊಯ್ಯುವ ಮೊದಲು ವೈದ್ಯರ ಬಳಿಗೆ ಕಳುಹಿಸಬೇಕೆಂದು ನನ್ನ ಕಳಕಳಿಯ ಕೋರಿಕೆ.