ಬಿಳಿ ಚುಕ್ಕಿ, ಅದರ ಹಿಂದೊಂದು ಕಪ್ಪು ಪಟ್ಟಿ

ನಮ್ಮ ಸೋದರಮಾವ ಒಂದು ಕೈಯಲ್ಲಿ ಸ್ಕ್ಯಾನಿಂಗ್ ರಿಪೋರ್ಟು, ಇನ್ನೊಂದರಲ್ಲಿ ಬಾಳೆದಿಂಡು ಹಿಡಿದು ಬಂದರು. "ಪ್ರಾಸ್ಟೇಟ್‌ನಲ್ಲಿ ಕ್ಯಾಲ್ಸಿಫಿಕೇಶನ್ ಅಂತೆ ಕಣೋ. ಕಲ್ಲೇ ತಾನೆ? ರಸ ಕುಡಿದ್ರೆ ಕರಗುತ್ತೆ."

ಕರಗದು ಮಾವ. ಆ ಕಣಗಳು ಮೂತ್ರ ಹರಿಯುವ ದಾರಿಯಲ್ಲಿಲ್ಲ, ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಒಳಗೆ ಹುದುಗಿವೆ. ಐವತ್ತು ದಾಟಿದ ಗಂಡಸರಲ್ಲಿ ತೀರಾ ಸಾಮಾನ್ಯ. ಸಣ್ಣ ನಾಳಗಳಲ್ಲಿ ಸ್ರಾವ ಗಟ್ಟಿಯಾಗಿ, ಈರುಳ್ಳಿಯಂತೆ ಪದರಗಟ್ಟಿ, ಅದಕ್ಕೆ ಕ್ಯಾಲ್ಸಿಯಂ ಫಾಸ್ಫೇಟ್ ಮೆತ್ತಿಕೊಳ್ಳುತ್ತದೆ. ಹಳೆಯ ಉರಿಯೂತದ ಗುರುತೂ ಆಗಿರಬಹುದು. ಕ್ಯಾಲ್ಸಿಫಿಕೇಶನ್ ಎಂದರೆ ಕ್ಯಾನ್ಸರ್ ಎಂದು ನಿದ್ದೆಗೆಡುವವರಿಗೂ ಇದೇ ಉತ್ತರ.

ನನ್ನ ಕಣ್ಣು ಹೋಗುವುದು ಆ ಸ್ಕ್ಯಾನಿಂಗ್ ಚಿತ್ರದ ಕಡೆಗೆ. ಅದನ್ನು ಮೂಡಿಸುವ ಅಲ್ಟ್ರಾಸೌಂಡ್, ಅಂದರೆ ಕಿವಿಗೆ ಕೇಳದ ಶಬ್ದ, ದೇಹದೊಳಗೆ ಸೆಕೆಂಡಿಗೆ ಸುಮಾರು 1540 ಮೀಟರ್ ಓಡುತ್ತದೆ. 4 ಸೆಂ.ಮೀ. ಆಳದ ಕಣಕ್ಕೆ ಬಡಿದು ಮರಳಲು ಸುಮಾರು 52 ಮೈಕ್ರೋಸೆಕೆಂಡು ಸಾಕು. ಮೆತ್ತನೆಯ ಮಾಂಸದಿಂದ ಮೂಳೆಯಂಥ ಗಟ್ಟಿ ವಸ್ತು ಎದುರಾದಲ್ಲಿ ಶೇ. 40ರಷ್ಟು ಶಕ್ತಿ ಅಲ್ಲಿಂದಲೇ ವಾಪಸು. ಆದ್ದರಿಂದ ಬೆಳ್ಳನೆಯ ಚುಕ್ಕಿ. ಉಳಿದದ್ದನ್ನು ಕಲ್ಲೇ ನುಂಗುತ್ತದೆ. ಹಿಂದಕ್ಕೆ ದಾಟುವುದು ಅತ್ಯಲ್ಪ. ತೋಟಕ್ಕೆ ಬಿಟ್ಟ ನೀರಿನ ಕಾಲುವೆಗೆ ಬಂಡೆ ಅಡ್ಡ ಬಿದ್ದಂತೆ: ಇತ್ತ ನೀರು ಉಕ್ಕುತ್ತದೆ, ಅತ್ತ ಪಾತಿ ಒಣಗುತ್ತದೆ. ತೆರೆಯ ಮೇಲಿನ ಕಪ್ಪು ಪಟ್ಟಿ ಆ ಒಣಗಿದ ಪಾತಿ. ಕಣ ತೀರಾ ಪುಟ್ಟದಾದರೆ ಶಬ್ದ ಅದರ ಅಕ್ಕಪಕ್ಕದಲ್ಲಿ ನುಸುಳಿಬಿಡುತ್ತದೆ, ನೆರಳೇ ಬೀಳದು. ಆಗ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಹಾಕಿ ನೋಡುವುದುಂಟು: ರಕ್ತ ಹರಿಯದ ಜಾಗದಲ್ಲೂ ಕಣದ ಬೆನ್ನಿಗೆ ಕೆಂಪು-ನೀಲಿ ಮಿಣಮಿಣ ಕುಣಿಯುತ್ತದೆ. ಯಂತ್ರ ಮೋಸಹೋಗುವುದೇ ಇಲ್ಲಿ ಸುಳಿವು.

ಜಪಾನಿನ ವೈದ್ಯ ಹಿರೋಕಿ ವಟನಾಬೆ 1970ರ ಸುಮಾರಿಗೆ ಪ್ರಾಸ್ಟೇಟ್ ನೋಡಲೆಂದೇ ಒಂದು ಕುರ್ಚಿ ಮಾಡಿಸಿದ್ದರು. ಆಸನದ ನಡುವಿನ ತೂತಿನಿಂದ ಪ್ರೋಬ್, ಅಂದರೆ ಶಬ್ದ ಕಳಿಸಿ ಮಾರ್ದನಿ ಹಿಡಿಯುವ ಕಡ್ಡಿ, ಮೇಲಕ್ಕೆ ಬಂದು ಗುದದ್ವಾರ ಸೇರಬೇಕು. ಕೂರುವವರ ಮುಖ ಹೇಗಿದ್ದಿರಬಹುದೋ! ಆದರೂ ಹತ್ತಿರದಿಂದ ನೋಡಿದಷ್ಟು ಚಿತ್ರ ಸ್ಪಷ್ಟ. ಹೊಟ್ಟೆಯ ಮೇಲಿಂದ 3.5 ಮೆಗಾಹರ್ಟ್ಸ್‌ನಲ್ಲಿ ತರಂಗದ ಉದ್ದ 0.44 ಮಿ.ಮೀ.; ಗುದದ್ವಾರದ ಕಡೆಯಿಂದ 7.5ರಲ್ಲಿ 0.2 ಮಿ.ಮೀ. ಈ ಉದ್ದ ಚಿಕ್ಕದಾದಷ್ಟೂ ಸಣ್ಣ ವಿವರ ಕಾಣುತ್ತದೆ.

ಯಾವ ಕಡೆಯಿಂದ ನೋಡುತ್ತೇವೆ ಎಂಬುದರ ಮೇಲೆ ನೆರಳಿನ ದಿಕ್ಕೂ ಬದಲಾಗುತ್ತದೆ. ಕಣಗಳು ಹೆಚ್ಚಾಗಿ ಗ್ರಂಥಿಯ ಒಳವಲಯ-ಹೊರವಲಯಗಳ ಗಡಿಯಲ್ಲಿ ಸಾಲುಗಟ್ಟುತ್ತವೆ. ಗುದದ್ವಾರದ ಕಡೆಯ ಪ್ರೋಬ್‌ಗೆ ಹಿಂಬದಿಯ ಹೊರವಲಯವೇ ಮೊದಲು ಸಿಗುತ್ತದೆ. ಬಹುಪಾಲು ಕ್ಯಾನ್ಸರ್ ಹುಟ್ಟುವುದೂ ಅಲ್ಲೇ. ಹೊಟ್ಟೆಯ ಮೇಲಿಂದ ನೋಡಿದರೆ ಕಪ್ಪು ಪಟ್ಟಿ ಬೀಳುವುದು ಸರಿಯಾಗಿ ಆ ಜಾಗದ ಮೇಲೆ. ಮಾವನ ರಿಪೋರ್ಟು ಹೊಟ್ಟೆಯ ಸ್ಕ್ಯಾನಿಂಗ್‌ನದು. ಬಾಳೆದಿಂಡು ಪಲ್ಯಕ್ಕಿರಲಿ, ಪ್ರಾಸ್ಟೇಟ್ ಕ್ಯಾನ್ಸರಿನ ಸುಳಿವು ಹುಡುಕುವ ಪಿಎಸ್‌ಎ ರಕ್ತಪರೀಕ್ಷೆ ಮಾಡಿಸಬೇಕೇ ಎಂದು ಡಾಕ್ಟರನ್ನು ಕೇಳಿ ಬನ್ನಿ ಎಂದೆ.